ಬಿ.ಇ. ಓದಿ ಕೇಬಲ್ ಕೆಲಸವೇ?

ಕಳೆದ ವರ್ಷ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಸಿಕ್ಕ ರಜೆಯಲ್ಲಿ ನಾನು ದಾಂಡೇಲಿಯ ಒಂದು ಕೇಬಲ್ ಕಂಟ್ರೋಲ್ ರೂಮಿಗೆ ದಿನಾ ಹೋಗುತ್ತಿದ್ದೆ. ಅದನ್ನು ಕೇಳಿ ಕ್ಲಾಸಿನ ಗೆಳೆಯನೊಬ್ಬ, 'ಎಲೆಕ್ಟ್ರಾನಿಕ್ಸ್ ಓದಿ ಕೇಬಲ್ ಎಳ್ಯಾಕ ಹೊಂಟೀಯೇನಲೇ?' ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಜುಲೈ ತಿಂಗಳ ಒಂದು ರಾತ್ರಿ. ಎಂಟು ಗಂಟೆ ಇರಬಹುದು, ಜಡಿಮಳೆ. ಊರಿನ ಟಿ.ವಿ.ಗಳಲ್ಲಿ ಒಮ್ಮೆಲೇ 'ನೋ ಸಿಗ್ನಲ್' ಬಂತು. ಕಂಟ್ರೋಲ್ ರೂಮಿನ ಮೂರೂ ಫೋನು ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಆ ರೂಮು ನಡೆಸುವವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಅವರು ಪ್ರತಿ ಫೋನಿಗೂ ಒಂದೇ ಉತ್ತರ ಕೊಡುತ್ತಿದ್ದರು: 'ಮ್ಯಾಲಿಂದನ ಬಂದಿಲ್ಲರೀ, ನಾ ಏನ್ ಮಾಡ್ಲಿ?' ಎಲ್ಲೋ ದೂರದ ರಸ್ತೆಬದಿಯಲ್ಲಿ ಮರ ಬಿದ್ದು ಫೈಬರ್ ತುಂಡಾಗಿತ್ತು. ದೂರದ ನಗರದಲ್ಲಿರುವ ಹೆಡ್‌ಎಂಡ್‌ನಿಂದ ಆ ಒಂದು ಎಳೆಯ ಮೇಲೆ ನಮ್ಮೂರಿನ ಚಾನೆಲ್‌ಗಳೆಲ್ಲ ಬರುತ್ತಿದ್ದವು. ಮರುದಿನ ಮಧ್ಯಾಹ್ನದವರೆಗೂ ಟಿ.ವಿ. ಬರಲಿಲ್ಲ.

ಬೆಳಿಗ್ಗೆ ಮಳೆ ನಿಂತಾಗ ನಾನು ತಾರಸಿ ಹತ್ತಿದೆ. ಅಲ್ಲಿ ಮೂರು ದೊಡ್ಡ ಡಿಶ್‌ಗಳಿದ್ದವು. ಅಂಚಿಗೆ ತುಕ್ಕು, ಬುಡಕ್ಕೆ ಪಾಚಿ. ವರ್ಷಗಳಿಂದ ಅವಕ್ಕೆ ಕೆಲಸವಿಲ್ಲ. ನನಗೆ ಆಗ ಅನಿಸಿದ್ದು ಇಷ್ಟೇ: ಉಪಗ್ರಹ ಆಕಾಶದಲ್ಲೇ ಇದೆ. ಅದರ ಸಿಗ್ನಲ್ ಈ ತುಕ್ಕು ಹಿಡಿದ ಡಿಶ್‌ನ ಮೇಲೂ ಬೀಳುತ್ತಿದೆ. ಆದರೂ ಊರಿನ ಪರದೆ ಕಪ್ಪಾಗಿದೆ. ಏಕೆಂದರೆ ಅದನ್ನು ಹಿಡಿದು ಮನೆಮನೆಗೆ ಕೊಡುವ ಕೋಣೆ ಈಗ ನಮ್ಮೂರಲ್ಲಿ ಇಲ್ಲ.

ಆ ಕೋಣೆಯ ಹೆಸರೇ ಹೆಡ್‌ಎಂಡ್.

ಊರಿನ ನೀರಿನ ಟ್ಯಾಂಕ್ ಇದ್ದ ಹಾಗೆ

ಹೆಡ್‌ಎಂಡ್ ಅಂದರೆ ಊರಿನ ಓವರ್‌ಹೆಡ್ ಟ್ಯಾಂಕ್ ಎಂದುಕೊಳ್ಳಿ. ಹೊಳೆಯಿಂದ ನೀರೆತ್ತಿ, ಸೋಸಿ, ಟ್ಯಾಂಕಿಗೆ ತುಂಬಿ, ಪೈಪಿನಲ್ಲಿ ಬಿಡುತ್ತಾರೆ. ಮನೆಯಲ್ಲಿ ನಲ್ಲಿ ಮತ್ತು ಮೀಟರ್ ಇರುತ್ತದೆ. ಇಲ್ಲಿ ಹೊಳೆ ಅಂದರೆ ಉಪಗ್ರಹ, ಪೈಪು ಅಂದರೆ ಫೈಬರ್ ಮತ್ತು ಕೇಬಲ್, ಮೀಟರ್ ಇರುವ ನಲ್ಲಿ ಅಂದರೆ ಸೆಟ್-ಟಾಪ್ ಬಾಕ್ಸ್.

ಕೆಲಸ ಶುರುವಾಗುವುದು ಡಿಶ್ ತಿರುಗಿಸುವುದರಿಂದ. ಉದಾಹರಣೆಗೆ, ಇಸ್ರೊದ ಜಿಸ್ಯಾಟ್-30 ಉಪಗ್ರಹ 2020ರ ಜನವರಿಯಲ್ಲಿ ಉಡಾವಣೆಯಾಗಿ 83 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ದಾಂಡೇಲಿ ಇರುವುದು ಸುಮಾರು 15.25 ಡಿಗ್ರಿ ಉತ್ತರ, 74.6 ಡಿಗ್ರಿ ಪೂರ್ವದಲ್ಲಿ. ಈ ಮೂರು ಅಂಕಿ ಇದ್ದರೆ ಲೆಕ್ಕ ಮುಗಿಯಿತು: ಡಿಶ್‌ನ ಮುಖ ದಕ್ಷಿಣದಿಂದ ಸುಮಾರು 30 ಡಿಗ್ರಿ ಪೂರ್ವಕ್ಕೆ ತಿರುಗಬೇಕು, ನೆಲದಿಂದ ಸುಮಾರು 70 ಡಿಗ್ರಿ ಮೇಲೆತ್ತಬೇಕು. ಈ ಸೂತ್ರವನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆದರೆ ತಾರಸಿಯ ಮೇಲೆ ನಿಂತು, ನಟ್ಟು ಸಡಿಲಿಸಿ, ಮೀಟರ್‌ನ ಅಂಕಿ ಏರುವುದನ್ನು ನೋಡುತ್ತ ಒಂದೊಂದು ಕೂದಲೆಳೆಯಷ್ಟು ಸರಿಸಿದವರು ನಮ್ಮಲ್ಲಿ ಎಷ್ಟು ಜನ?

ಡಿಶ್‌ನ ಬಾಯಲ್ಲಿರುವ ಎಲ್‌ಎನ್‌ಬಿ, 3.7ರಿಂದ 4.2 ಗಿಗಾಹರ್ಟ್ಸ್‌ನ ಸಿ-ಬ್ಯಾಂಡ್ ಸಿಗ್ನಲನ್ನು 950ರಿಂದ 1450 ಮೆಗಾಹರ್ಟ್ಸ್‌ಗೆ ಇಳಿಸಿ ಕೆಳಗಿನ ರೂಮಿಗೆ ಕಳಿಸುತ್ತದೆ. ಅಲ್ಲಿ ಐಆರ್‌ಡಿ ಎಂಬ ರಿಸೀವರ್, ಚಾನೆಲ್‌ನವರು ಕೊಟ್ಟ ಕಾರ್ಡ್ ಬಳಸಿ ಬೀಗ ತೆಗೆಯುತ್ತದೆ. ಮಲ್ಟಿಪ್ಲೆಕ್ಸರ್ ಹಲವು ಚಾನೆಲ್‌ಗಳನ್ನು ಒಂದೇ ಹರಿವಾಗಿ ಹೆಣೆಯುತ್ತದೆ. ಸ್ಕ್ರ್ಯಾಂಬ್ಲರ್ ಮತ್ತೆ ನಮ್ಮ ಬೀಗ ಹಾಕುತ್ತದೆ. ಹಣ ಕಟ್ಟಿದವರ ಬಾಕ್ಸ್‌ಗೆ ಮಾತ್ರ ಅದರ ಕೀಲಿ ಸಿಗುತ್ತದೆ. ಕೊನೆಗೆ ಮಾಡ್ಯುಲೇಟರ್ ಅದನ್ನು ಕೇಬಲ್‌ನ ಒಂದು ಫ್ರೀಕ್ವೆನ್ಸಿಗೆ ಏರಿಸುತ್ತದೆ. ಲೇಸರ್ ಟ್ರಾನ್ಸ್‌ಮಿಟರ್ ಅದನ್ನು ಬೆಳಕಾಗಿ ಮಾಡಿ ಫೈಬರ್‌ಗೆ ಬಿಡುತ್ತದೆ.

ನಮ್ಮ ಪುಸ್ತಕದ ಲೆಕ್ಕ ಇಲ್ಲಿ ಕಣ್ಣಿಗೆ ಕಾಣುತ್ತದೆ. 8 ಮೆಗಾಹರ್ಟ್ಸ್ ಅಗಲದ ಒಂದು ಫ್ರೀಕ್ವೆನ್ಸಿಯಲ್ಲಿ ಸೆಕೆಂಡಿಗೆ 68.75 ಲಕ್ಷ ಸಿಂಬಲ್ ಕಳಿಸುತ್ತಾರೆ. 64-ಕ್ವಾಮ್‌ನಲ್ಲಿ ಒಂದು ಸಿಂಬಲ್‌ಗೆ 6 ಬಿಟ್. ತಪ್ಪು ತಿದ್ದಲು ಮೀಸಲಿಟ್ಟ ಬಿಟ್ ಕಳೆದರೆ ಉಳಿಯುವುದು ಸುಮಾರು 38 ಎಂಬಿಪಿಎಸ್. ಅನಲಾಗ್ ಕಾಲದಲ್ಲಿ ಒಂದು ಚಾನೆಲ್‌ಗೆ ಮೀಸಲಾಗಿದ್ದ ಜಾಗದಲ್ಲಿ ಈಗ ಹತ್ತಕ್ಕೂ ಹೆಚ್ಚು ಸಾಮಾನ್ಯ ಚಾನೆಲ್ ಕೂರುತ್ತವೆ. ಕಾಕಾ ಓದಿದ್ದು ಎಸ್ಸೆಸ್ಸೆಲ್ಸಿ. ಅವರಿಗೆ ಈ ಸೂತ್ರ ಗೊತ್ತಿಲ್ಲ. ಆದರೆ ಮೀಟರ್ ನೋಡಿ, 'ಎಂಇಆರ್ ಇಳಿಯಾಕತ್ತದ ತಮ್ಮಾ, ಇನ್ನ ಅರ್ಧ ತಾಸಿನಾಗ ಫೋನ್ ಬರ್ತಾವ ನೋಡು' ಎನ್ನುತ್ತಿದ್ದರು. ಬರುತ್ತಿದ್ದವು. ಅನಲಾಗ್‌ನಲ್ಲಿ ಸಿಗ್ನಲ್ ಕುಗ್ಗಿದರೆ ಚಿತ್ರ ಮಸುಕಾಗಿ ಮುನ್ಸೂಚನೆ ಕೊಡುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಒಂದು ಹಂತದವರೆಗೆ ಚಿತ್ರ ಕನ್ನಡಿಯಂತೆ ಇರುತ್ತದೆ, ಆಮೇಲೆ ಚೌಕಳಿ ಚೌಕಳಿಯಾಗಿ ಒಡೆದು ಹೋಗುತ್ತದೆ. ಅದನ್ನು ಮೊದಲೇ ಹಿಡಿಯಲು ಅಳೆಯುವವರು ಬೇಕು.

ಕೋಣೆ ಹೋದದ್ದು ಹೇಗೆ?

ಕೇಬಲ್ ಟಿ.ವಿ.ಗೆ ಕಾಯ್ದೆ ಬಂದದ್ದು 1995ರಲ್ಲಿ. ಆಗ ಊರೂರಲ್ಲೂ ಅನಲಾಗ್ ಕಂಟ್ರೋಲ್ ರೂಮುಗಳಿದ್ದವು. 2011ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಡಿಜಿಟಲ್ ಕಡ್ಡಾಯವಾಯಿತು. 2012ರಲ್ಲಿ ಮಹಾನಗರಗಳು, 2013ರಲ್ಲಿ ಬೆಂಗಳೂರು, ಮೈಸೂರು ಸೇರಿ ಎರಡನೇ ಹಂತದ ನಗರಗಳು. ಉಳಿದ ಪಟ್ಟಣ ಮತ್ತು ಹಳ್ಳಿಗಳ ಗಡುವು ಮುಂದಕ್ಕೆ ಹೋಗುತ್ತಾ 2017ಕ್ಕೆ ಬಂದು ನಿಂತಿತು.

ಇದು ತಪ್ಪು ನಿರ್ಧಾರ ಎಂದು ನಾನು ಹೇಳುತ್ತಿಲ್ಲ. ಮೊದಲು ಒಂದು ಊರಿನಲ್ಲಿ ಎಷ್ಟು ಕನೆಕ್ಷನ್ ಇವೆ ಎಂಬುದೇ ಯಾರಿಗೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಈಗ ಪ್ರತಿ ಬಾಕ್ಸ್‌ಗೂ ಲೆಕ್ಕವಿದೆ. ಚಿತ್ರ ಸ್ವಚ್ಛವಾಗಿದೆ. 2019ರ ಫೆಬ್ರುವರಿಯಿಂದ ಟ್ರಾಯ್‌ನ ಹೊಸ ದರ ಪದ್ಧತಿ ಬಂದು, ಬೇಕಾದ ಚಾನೆಲ್‌ಗೆ ಮಾತ್ರ ಹಣ ಕಟ್ಟುವ ಹಕ್ಕೂ ಸಿಕ್ಕಿದೆ.

ಆದರೆ ಡಿಜಿಟಲ್ ಹೆಡ್‌ಎಂಡ್‌ಗೆ ಬೀಗ-ಕೀಲಿ ವ್ಯವಸ್ಥೆ, ಗ್ರಾಹಕರ ಲೆಕ್ಕ ಇಡುವ ಸಾಫ್ಟ್‌ವೇರ್, ಕೇಂದ್ರ ಸಚಿವಾಲಯದಲ್ಲಿ ಎಂಎಸ್‌ಒ ನೋಂದಣಿ, ಪ್ರತಿ ಚಾನೆಲ್ ಸಂಸ್ಥೆಯ ಜೊತೆ ಒಪ್ಪಂದ ಎಲ್ಲ ಬೇಕು. ಸಣ್ಣ ಊರಿನ ಆಪರೇಟರ್‌ಗೆ ಅದು ನಿಲುಕಲಿಲ್ಲ. ಬಹುಪಾಲು ಜನ ದೊಡ್ಡ ಎಂಎಸ್‌ಒಗಳಿಂದ ಫೈಬರ್‌ನಲ್ಲಿ ಸಿಗ್ನಲ್ ಪಡೆದು ಮನೆಗೆ ಮುಟ್ಟಿಸುವವರಷ್ಟೇ ಆದರು. ಹೆಡ್‌ಎಂಡ್ ನಡೆಸುತ್ತಿದ್ದ ಕೈಗಳು ಬಿಲ್ ವಸೂಲಿಗೆ ಇಳಿದವು. ತಾರಸಿಯ ಡಿಶ್‌ಗಳು ತುಕ್ಕು ಹಿಡಿದವು.

ನಮ್ಮ ನಾಲ್ಕು ತಾಲ್ಲೂಕು

ಇದರಿಂದ ಯಾರಿಗೆ ಏನು ನಷ್ಟ? ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನೋಡಿದವರಿಗೆ ಇದು ತಿಳಿಯುತ್ತದೆ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ದಾಂಡೇಲಿಗೆ ದೇಶದ ನಾನಾ ಕಡೆಯ ಜನ ಬಂದು ನೆಲೆಸಿದರು. ಒಂದೇ ಓಣಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು ಕಿವಿಗೆ ಬೀಳುತ್ತವೆ. ಹಳಿಯಾಳದ ಹಳ್ಳಿಗಳಲ್ಲಿ ಮರಾಠಿ ಚಾನೆಲ್ ಇಲ್ಲದಿದ್ದರೆ ಕೇಬಲ್ ಬೇಡವೇ ಬೇಡ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ಕಾಲೊನಿ ಇದೆ. ಹಳಿಯಾಳ, ಮುಂಡಗೋಡಗಳಲ್ಲಿ ಸಿದ್ದಿಯರು, ಗೌಳಿಗರು ಇದ್ದಾರೆ, ಜೋಯಿಡಾದಲ್ಲಿ ಕುಣಬಿಗಳು. ದೂರದ ನಗರದಲ್ಲಿ ಕೂತು ಚಾನೆಲ್ ಪಟ್ಟಿ ಮಾಡುವವರಿಗೆ ಈ ಓಣಿ ಕಾಣುವುದಿಲ್ಲ. ಬೇಕಾದ ಚಾನೆಲ್ ಆರಿಸುವ ಹಕ್ಕು ನನಗಿದೆ, ಸರಿ. ಆದರೆ ಆ ಚಾನೆಲ್ ಹೆಡ್‌ಎಂಡ್‌ನಲ್ಲಿ ಇದ್ದರೆ ಮಾತ್ರ ತಾನೇ?

ಇನ್ನೊಂದು ವಿಚಾರ. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರೇ ಮುಳುಗಿತು. ಇಲ್ಲಿ ಹುಟ್ಟುವ ಕರೆಂಟು ರಾಜ್ಯಕ್ಕೆ ಹೋಗುತ್ತದೆ. ಇಲ್ಲಿ ತಯಾರಾಗುವ ಕಾಗದ ಹೊರಗೆ ಹೋಗುತ್ತದೆ. ಆದರೆ ನಮ್ಮ ಸುದ್ದಿ ಮಾತ್ರ ನಮ್ಮಲ್ಲಿ ತಯಾರಾಗುವುದಿಲ್ಲ. ಹೊಳೆಯಲ್ಲಿ ನೀರು ಏರುತ್ತಿದೆ, ಯಾವ ರಸ್ತೆಗೆ ಮರ ಬಿದ್ದಿದೆ, ನಾಳೆ ಶಾಲೆಗೆ ರಜೆ ಇದೆಯೇ ಎಂಬುದನ್ನು ರಾಜ್ಯಮಟ್ಟದ ಚಾನೆಲ್ ಹೇಳುವುದಿಲ್ಲ, ಹೇಳಬೇಕೆಂದು ನಿರೀಕ್ಷಿಸುವುದೂ ತಪ್ಪು. 2019ರ ಆಗಸ್ಟ್‌ನಲ್ಲಿ ಕಾಳಿ ಉಕ್ಕಿ ನಮ್ಮ ಜಿಲ್ಲೆಯ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ನೋಡಿದವರಿಗೆ ಸಮಯಕ್ಕೆ ಸಿಕ್ಕ ಒಂದು ಸಾಲಿನ ಸುದ್ದಿಯ ಬೆಲೆ ಗೊತ್ತು. ವಾಟ್ಸ್‌ಆ್ಯಪ್ ಇದೆಯಲ್ಲ ಎನ್ನಬಹುದು. ಅಂಥ ಹೊತ್ತಿನಲ್ಲಿ ಹಳೆಯ ವಿಡಿಯೊಗಳೇ ಹೊಸದಾಗಿ ಓಡಾಡುವುದನ್ನೂ ನಾವು ನೋಡಿದ್ದೇವೆ. ಹೇಳಿದವರು ಯಾರೆಂದು ಗೊತ್ತಿರುವ, ತಪ್ಪಿದರೆ ಹೋಗಿ ಕೇಳಬಹುದಾದ ಒಂದು ಸ್ಥಳೀಯ ಚಾನೆಲ್ ಬೇರೆಯೇ.

ಬೇಡ ಎನ್ನುವವರ ಮಾತು

'ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಕೇಬಲ್ ಸಾಯುತ್ತಿದೆ, ಸಾಯುವ ವಸ್ತುವಿನ ಪರ ವಕಾಲತ್ತು ಏಕೆ?' ಎಂದು ನನ್ನ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ಕನೆಕ್ಷನ್ ಕಡಿಮೆಯಾಗುತ್ತಿವೆ ಎಂದು ಕಾಕಾನೇ ಹೇಳುತ್ತಾರೆ. ಜೋಯಿಡಾದ ಮಟ್ಟಿಗಂತೂ ಕೇಬಲ್ ಉತ್ತರವೇ ಅಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನ ನಡುವೆ ಮೈಲಿಗೊಂದು ಮನೆಯಿದ್ದಲ್ಲಿ ಕೇಬಲ್ ಎಳೆಯುವುದು ಆಗದ ಮಾತು. ಅಲ್ಲಿಗೆ ಡಿಟಿಎಚ್, ಡಿಡಿ ಫ್ರೀ ಡಿಶ್ ಸರಿ.

ಆದರೆ ಪಟ್ಟಣಗಳಲ್ಲಿ ಮಲೆನಾಡಿನ ಮಳೆಯೇ ಕೇಬಲ್ ಪರ ಸಾಕ್ಷಿ ಹೇಳುತ್ತದೆ. ಡಿಟಿಎಚ್ ಬಳಸುವ ಕೆಯು-ಬ್ಯಾಂಡ್ ತರಂಗದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್, ಹೆಡ್‌ಎಂಡ್ ಬಳಸುವ ಸಿ-ಬ್ಯಾಂಡ್‌ನದು ಸುಮಾರು ಏಳೂವರೆ. ತರಂಗ ಚಿಕ್ಕದಾದಷ್ಟೂ ಮಳೆಹನಿ ಅದನ್ನು ಹೆಚ್ಚು ನುಂಗುತ್ತದೆ. ಅದಕ್ಕೇ ಮಳೆ ಜೋರಾದಾಗ ಮನೆಯ ಪುಟ್ಟ ಡಿಶ್ ಕೈಕೊಡುತ್ತದೆ, ದೊಡ್ಡ ಸಿ-ಬ್ಯಾಂಡ್ ಡಿಶ್ ತಡೆದುಕೊಳ್ಳುತ್ತದೆ. ಅದು ಊರಿನಲ್ಲೇ ಇದ್ದರೆ ದೂರದ ಫೈಬರ್ ತುಂಡಾದ ಚಿಂತೆಯೂ ಇಲ್ಲ.

'ಖರ್ಚು ಯಾರು ಕೊಡುತ್ತಾರೆ?' ಎಂಬುದು ಎರಡನೇ ಪ್ರಶ್ನೆ. ಹಳೆಯ ಹಾಗೆ ಊರಿಗೊಂದು ಪೂರ್ತಿ ಹೆಡ್‌ಎಂಡ್ ಬೇಕೆಂದು ನಾನು ಕೇಳುತ್ತಿಲ್ಲ. ಮುಖ್ಯ ಸಿಗ್ನಲ್ ನಗರದಿಂದಲೇ ಬರಲಿ. ಅದರ ಜೊತೆಗೆ ಇಲ್ಲೊಂದು ಪುಟ್ಟ ರ‍್ಯಾಕ್ ಇರಲಿ: ಫೈಬರ್ ತುಂಡಾದಾಗ ದೂರದರ್ಶನದಂಥ ಕೆಲವು ಉಚಿತ ಚಾನೆಲ್‌ಗಳನ್ನಾದರೂ ನೇರ ಹಿಡಿದು ಕೊಡುವ ರಿಸೀವರ್‌ಗಳು, ಸ್ಥಳೀಯ ಚಾನೆಲ್‌ಗೆ ಒಂದು ಎನ್‌ಕೋಡರ್, ಒಂದು ಮಲ್ಟಿಪ್ಲೆಕ್ಸರ್, ಒಂದು ಮಾಡ್ಯುಲೇಟರ್, ಬ್ಯಾಟರಿ. ಚಾನೆಲ್‌ಗಳು ಬೀಗ ಹಾಕಿಕೊಂಡೇ ಹೋಗಬೇಕೆಂದು ಕಾಯ್ದೆ ಹೇಳುತ್ತದೆ. ಹಾಗಾಗಿ ಇದು ಎಂಎಸ್‌ಒ ಒಪ್ಪಿಗೆಯಿಂದ, ಅವರ ವ್ಯವಸ್ಥೆಯ ಭಾಗವಾಗಿಯೇ ನಡೆಯಬೇಕು. ಡಿಶ್‌ಗಳು ಹೇಗೂ ತಾರಸಿಯ ಮೇಲೆ ಇವೆ.

ದಾರಿಯೂ ಇಲ್ಲದಿಲ್ಲ. ಎಂಎಸ್‌ಒಗಳ ಸ್ಥಳೀಯ ಚಾನೆಲ್‌ಗಳನ್ನು ಸರ್ಕಾರ 'ಪ್ಲಾಟ್‌ಫಾರ್ಮ್ ಸರ್ವಿಸ್' ಎನ್ನುತ್ತದೆ. 2022ರ ನವೆಂಬರ್‌ನ ಮಾರ್ಗಸೂಚಿಯ ಪ್ರಕಾರ ಒಂದು ಚಾನೆಲ್ ನೋಂದಣಿಗೆ ಸಾವಿರ ರೂಪಾಯಿ ಶುಲ್ಕ. ಪ್ರಸಾರ ಮಾಡಿದ್ದನ್ನು 90 ದಿನ ಕಾಪಿಡಬೇಕು. ಸ್ಥಳೀಯ ಸುದ್ದಿ ಕೊಡುವವರು ಕಂಪನಿಯಾಗಿ ನೋಂದಾಯಿಸಿರಬೇಕು. ಸಿದ್ದಿಯರ ಡಮಾಮಿ ಕುಣಿತ, ಮುಂಡಗೋಡದ ಲೋಸಾರ್ ಹಬ್ಬ, ಹಳಿಯಾಳದ ಕುಸ್ತಿ, ಎಪಿಎಂಸಿ ದರ, ತಹಶೀಲ್ದಾರರ ಮಳೆ ಎಚ್ಚರಿಕೆ, ಎಲ್ಲಕ್ಕೂ ಅಲ್ಲಿ ಜಾಗವಿದೆ.

ನಮಗೇನು ಸಂಬಂಧ?

ಇಷ್ಟೆಲ್ಲ ಇದ್ದೂ ಇದು ಆಗುತ್ತಿಲ್ಲ, ಮಾಡುವ ಕೈಗಳಿಲ್ಲದ ಕಾರಣಕ್ಕೆ. ಕಾಕಾನ ಹುಡುಗರು ಕಂಬ ಹತ್ತುತ್ತಾರೆ, ಫೈಬರ್ ಜೋಡಿಸುತ್ತಾರೆ, ಆದರೆ ಮಲ್ಟಿಪ್ಲೆಕ್ಸರ್‌ನ ಐಪಿ ಸೆಟ್ಟಿಂಗ್ ಕಂಡರೆ ಹಿಂಜರಿಯುತ್ತಾರೆ. ನಾವು ಕ್ವಾಮ್‌ನ ಚಿತ್ರ ಬರೆದು ಹತ್ತು ಅಂಕ ತೆಗೆಯುತ್ತೇವೆ, ಆದರೆ ಕನೆಕ್ಟರ್ ಕೂರಿಸಲು ಬರುವುದಿಲ್ಲ. ನನಗೂ ಬರುತ್ತಿರಲಿಲ್ಲ. ಮೊದಲ ದಿನ ನಾನು ಹಾಕಿದ ಕನೆಕ್ಟರ್ ಕಾಕಾ ಮೆಲ್ಲಗೆ ಎಳೆದರು, ಕೈಗೆ ಬಂತು. 'ಪುಸ್ತಕದಾಗ ಗಟ್ಟಿ ಇರ್ತದೇನ್ ಇದು?' ಎಂದು ನಕ್ಕರು. ಅವರ ಹುಡುಗರೂ ನಾವೂ ಒಂದೇ ಊರಿನವರು, ಒಂದೇ ಕೆಲಸದ ಎರಡು ಅರ್ಧಗಳು ನಮ್ಮ ಕೈಯಲ್ಲಿವೆ, ಆದರೆ ಭೇಟಿಯೇ ಆಗಿಲ್ಲ.

ಹಳಿಯಾಳದಲ್ಲೇ ಎಂಜಿನಿಯರಿಂಗ್ ಕಾಲೇಜಿದೆ, ದಾಂಡೇಲಿ ಅಲ್ಲಿಂದ ಬಸ್ಸಿನ ದಾರಿ. ವಿಟಿಯು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕಡ್ಡಾಯ. ಅದಕ್ಕಾಗಿ ನಾವು ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿಗೆ ಓಡುತ್ತೇವೆ. ಕೆಲವರು ಹಣ ಕೊಟ್ಟು ಆನ್‌ಲೈನ್ ಸರ್ಟಿಫಿಕೇಟ್ ತರುತ್ತೇವೆ. ಪಕ್ಕದ ಬೀದಿಯಲ್ಲಿ ಉಪಗ್ರಹದಿಂದ ಸೆಟ್-ಟಾಪ್ ಬಾಕ್ಸ್‌ವರೆಗಿನ ಪೂರ್ತಿ ಸಂವಹನ ಲ್ಯಾಬ್ ಆಗಬಹುದಾದ ಕೋಣೆ ಖಾಲಿ ಬಿದ್ದಿದೆ.

ಕೆಲಸ ಹುಡುಕುವವರಿಗೂ ಒಂದು ಮಾತು. ಐಟಿ ಕಂಪನಿಯ ಸಂಬಳ ಇಲ್ಲಿಲ್ಲ. ರಾತ್ರಿ ಫೋನು, ಮಳೆಯಲ್ಲಿ ಓಡಾಟ ಇದೆ. ಹೆಸ್ಕಾಂ ಕಂಬದ ಹತ್ತಿರ ಎಚ್ಚರ ತಪ್ಪಿದರೆ ಜೀವಕ್ಕೇ ಅಪಾಯ. ಆದರೆ ಇಲ್ಲಿ ಕಲಿತದ್ದು ಕೇಬಲ್‌ಗೆ ಮಾತ್ರ ಸೀಮಿತವಲ್ಲ. ಫೈಬರ್ ಜೋಡಣೆ, ಆಪ್ಟಿಕಲ್ ಪವರ್ ಅಳೆಯುವುದು, ಐಪಿ ನೆಟ್‌ವರ್ಕ್, ಆರ್‌ಎಫ್ ಮೀಟರ್ ಇವೇ ಇಂಟರ್ನೆಟ್ ಕಂಪನಿಗೂ ಮೊಬೈಲ್ ಟವರ್‌ಗೂ ಬೇಕು. ಮನೆಬಾಗಿಲಿಗೆ ಇಂಟರ್ನೆಟ್ ಮುಟ್ಟಿಸಲು ಕೇಬಲ್ ಜಾಲವನ್ನು ಬ್ರಾಡ್‌ಬ್ಯಾಂಡ್ ಕಂಪನಿಗಳ ಜೊತೆ ಹಂಚಿಕೊಳ್ಳಲು 2023ರಲ್ಲಿ ನಿಯಮವೇ ತಿದ್ದುಪಡಿಯಾಗಿದೆ. 5ಜಿ ಬಂದ ಮೇಲೆ ಅದರ ತರಂಗ ಸಿ-ಬ್ಯಾಂಡ್‌ಗೆ ತೀರ ಹತ್ತಿರವಾಗಿ, ಡಿಶ್‌ಗೆ ಫಿಲ್ಟರ್ ಹಾಕುವ ಹೊಸ ಕೆಲಸವೂ ಹುಟ್ಟಿದೆ. ಟಿ.ವಿ. ಹೋದರೂ ಫೈಬರ್ ಹೋಗುವುದಿಲ್ಲ. ಅದನ್ನು ಬಲ್ಲವರು ಊರಿನಲ್ಲಿ ಇರಬೇಕೋ, ಪ್ರತಿ ಸಲ ಹೊರಗಿನಿಂದ ಬರಬೇಕೋ ಎಂಬುದಷ್ಟೇ ಪ್ರಶ್ನೆ.

ಹಾಗಾಗಿ ನನ್ನ ಕೋರಿಕೆ ದೊಡ್ಡದೇನಲ್ಲ. ಕಾಲೇಜುಗಳು ಊರಿನ ಕಂಟ್ರೋಲ್ ರೂಮನ್ನೂ ಇಂಟರ್ನ್‌ಶಿಪ್ ಜಾಗವೆಂದು ಒಪ್ಪಲಿ. ಆಪರೇಟರ್‌ಗಳು ನಮಗೆ ಬಾಗಿಲು ತೆರೆಯಲಿ, ಎಂಎಸ್‌ಒಗಳು ಪುಟ್ಟ ರ‍್ಯಾಕ್‌ಗೆ ಒಪ್ಪಲಿ. ತಾಲ್ಲೂಕು ಆಡಳಿತ ಮಳೆಗಾಲದ ಎಚ್ಚರಿಕೆಗೆ ಸ್ಥಳೀಯ ಚಾನೆಲನ್ನು ಬಳಸಲಿ. ನಾವು ನಾಚಿಕೆ ಬಿಡೋಣ.

ರಜೆಯ ಕೊನೆಯ ವಾರ ನಾನೂ ಕಾಕಾನೂ ಒಂದು ಡಿಶ್‌ನ ತುಕ್ಕು ಉಜ್ಜಿ, ಹಳೆಯ ಎಲ್‌ಎನ್‌ಬಿ ಬದಲಿಸಿದೆವು. ಲೆಕ್ಕ ನನ್ನದು, ನಟ್ಟು ಅವರದು. ಸುಮಾರು ಎರಡು ತಾಸು ಏನೂ ಸಿಗಲಿಲ್ಲ. ನನ್ನ ಲೆಕ್ಕ ಸರಿಯಿತ್ತು, ಆದರೆ ಡಿಶ್‌ನ ಕಂಬವೇ ಓರೆಯಾಗಿತ್ತು. ಅದನ್ನು ಹಿಡಿದವರು ಕಾಕಾ. ಕಂಬ ನೆಟ್ಟಗೆ ಮಾಡಿ ಮತ್ತೆ ಸರಿಸಿದಾಗ ಮೀಟರ್‌ನಲ್ಲಿ 'ಲಾಕ್' ಎಂಬ ಹಸಿರು ದೀಪ ಹತ್ತಿತು. ಕೆಳಗಿನ ರೂಮಿನ ಹಳೇ ಟಿ.ವಿ.ಯಲ್ಲಿ ಒಂದು ಉಚಿತ ಚಾನೆಲ್ ತೆರೆದುಕೊಂಡಿತು. ಅದು ಊರಿಗೆ ಹೋಗಲಿಲ್ಲ, ಆ ರೂಮಿನಲ್ಲಷ್ಟೇ ಕಂಡಿತು. ಕಾಕಾ ಬಹಳ ಹೊತ್ತು ಪರದೆ ನೋಡುತ್ತ ನಿಂತು, 'ಇದು ನಮ್ಮ ಮಾಳಗಿ ಮ್ಯಾಲಿಂದ ಬಂದದ್ದು, ತಮ್ಮಾ' ಎಂದರು.

ಗೆಳೆಯಾ, ಬಿ.ಇ. ಓದಿ ಕೇಬಲ್ ಕೆಲಸವೇ ಎಂದು ಕೇಳಿದ್ದೆಯಲ್ಲ. ಹೌದು, ಅದೇ ಕೆಲಸ. ಮುಂದಿನ ರಜೆಗೆ ನೀನೂ ಬಾ, ತಾರಸಿಯ ಮೇಲೆ ಇನ್ನೂ ಎರಡು ಡಿಶ್ ಉಳಿದಿವೆ.